ಸೀಟು ಬಿಟ್ಟುಕೊಟ್ಟವರ ಕ್ಷೇತ್ರ

2025ರ ಜನವರಿಯಲ್ಲಿ ಒಂದೇ ವಿಡಿಯೊ ನನ್ನ ಫೋನಿಗೆ ಎಷ್ಟು ವಾಟ್ಸ್‌ಆ್ಯಪ್ ಗುಂಪುಗಳಿಂದ ಬಂತೋ ಲೆಕ್ಕವಿಲ್ಲ. ಕೆನಡಾ ಸಂಸತ್ತಿನಲ್ಲಿ ಚಂದ್ರ ಆರ್ಯ ಎದ್ದು ನಿಂತು ಕನ್ನಡದಲ್ಲಿ ಮಾತಾಡುವ ವಿಡಿಯೊ. ಆ ತಿಂಗಳು ಅವರು ಲಿಬರಲ್ ಪಕ್ಷದ ನಾಯಕತ್ವಕ್ಕೆ, ಅಂದರೆ ಆಗ ಪ್ರಧಾನಿ ಹುದ್ದೆಗೇ, ಸ್ಪರ್ಧಿಸುವುದಾಗಿ ಹೇಳಿದ್ದರು. ಹಾಗಾಗಿ ಕಳಿಸಿದವರೆಲ್ಲ ಅದು ನಿನ್ನೆ ಮೊನ್ನೆಯ ಭಾಷಣ ಎಂದೇ ತಿಳಿದಿದ್ದರು. ಅಸಲಿಗೆ ಅದು 2022ರ ಮೇ ತಿಂಗಳದ್ದು. 2025ರ ಜನವರಿಯಲ್ಲಿ ಕೆನಡಾದ ಸಂಸತ್ತು ಬಾಗಿಲು ಹಾಕಿಕೊಂಡಿತ್ತು. ಯಾರು ಯಾವ ಭಾಷೆಯಲ್ಲೂ ಅಲ್ಲಿ ಮಾತಾಡುವ ಹಾಗಿರಲಿಲ್ಲ. ತಿದ್ದಲು ಹೋದರೆ "ಇರಲಿ ಬಿಡಿ ಸಾರ್, ಕನ್ನಡ ಕನ್ನಡವೇ" ಎಂಬ ಉತ್ತರ ಬಂತು. ಅದೂ ಸರಿಯೇ.

ಆ ಅಡಿಬರಹಗಳಲ್ಲೆಲ್ಲ "ನೆಪೀಯನ್ ಕ್ಷೇತ್ರದ ಸಂಸದ" ಎಂಬ ಮಾತು ಬರುತ್ತಿತ್ತು. ನಾನಿರುವುದು ಆ ನೆಪೀಯನ್‌ನಲ್ಲೇ. ಒಟ್ಟಾವಾ ನಗರದ ನೈಋತ್ಯಕ್ಕೆ, ಬಾರ್‌ಹೇವನ್ ಎಂಬ ಬಡಾವಣೆಯಲ್ಲಿ. ನಮ್ಮೂರು ಮಧುಗಿರಿ, ಆರ್ಯ ಅವರದು ಪಕ್ಕದ ಶಿರಾ ತಾಲ್ಲೂಕಿನ ದ್ವಾರಾಳು. ಸುಮಾರು ಹದಿಮೂರು ಸಾವಿರ ಕಿಲೊಮೀಟರು ದಾಟಿ ಬಂದು ಪಕ್ಕದ ತಾಲ್ಲೂಕಿನವರಿಗೇ ಓಟು ಹಾಕುವ ಯೋಗ ಎಲ್ಲರಿಗೂ ಬರುವುದಿಲ್ಲ. ಆಮೇಲೆ ಅವರಿಗೆ ಟಿಕೆಟ್ ತಪ್ಪಿ, ಅದೇ ಕ್ಷೇತ್ರಕ್ಕೆ ದೇಶದ ಪ್ರಧಾನಿಯೇ ಬಂದು ನಿಂತಾಗ, ಈ ನೆಲದ ಚುನಾವಣೆಯ ಚರಿತ್ರೆ ಏನಿರಬಹುದು ಎಂದು ಹುಡುಕತೊಡಗಿದೆ. ಕೆದಕಿದಷ್ಟೂ ಒಂದು ವಿಷಯ ಮತ್ತೆ ಮತ್ತೆ ಎದುರಾಯಿತು. ಗೆದ್ದವರ ಪಟ್ಟಿ ಎಲ್ಲ ಕಡೆ ಸಿಗುತ್ತದೆ. ಗೆಲ್ಲುವವರಿಗೆ ಜಾಗ ಬಿಟ್ಟುಕೊಟ್ಟವರ ಪಟ್ಟಿಯನ್ನು ನಾವೇ ಮಾಡಿಕೊಳ್ಳಬೇಕು.

ಮೊದಲು ಊರಿನ ವಿಷಯ. ನೆಪೀಯನ್ 2001ರ ಜನವರಿ 1ರವರೆಗೂ ಸ್ವಂತ ನಗರಸಭೆಯಿದ್ದ ಊರು; ಅಂದು ಅದು ಒಟ್ಟಾವಾದೊಳಗೆ ಸೇರಿಹೋಯಿತು. ಹೆಸರು ಬಂದದ್ದು ಸರ್ ಇವಾನ್ ನೆಪೀಯನ್ ಎಂಬ ಬ್ರಿಟಿಷ್ ಅಧಿಕಾರಿಯಿಂದ. ಲಂಡನ್ನಿನಲ್ಲಿ ಕೂತು ವಸಾಹತುಗಳ ಕಡತ ನೋಡುತ್ತಿದ್ದವನು. ಆಸ್ಟ್ರೇಲಿಯಾದಲ್ಲಿ ಒಂದು ನದಿಗೂ ಅವನದೇ ಹೆಸರು. ಮುಂದೆ 1812ರಿಂದ 1819ರವರೆಗೆ ಅವನು ಬೊಂಬಾಯಿಯ ಗವರ್ನರನಾಗಿದ್ದ. ಮುಂಬಯಿಯ ನೆಪೀಯನ್ ಸೀ ರಸ್ತೆ ನೆನಪಿಸಿಕೊಳ್ಳಿ. ಪೇಶ್ವೆಯ ಆಳ್ವಿಕೆ ಮುಗಿದು 1818ರಲ್ಲಿ ಧಾರವಾಡದ ಸೀಮೆ ಕಂಪನಿಯ ಕೈಸೇರಿದ್ದು ಅವನು ಗವರ್ನರನಾಗಿದ್ದ ಕಾಲದಲ್ಲೇ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂಬಿಎ ಮಾಡಿದ ಆರ್ಯ, ಅವನ ಹೆಸರಿನ ಕ್ಷೇತ್ರಕ್ಕೆ ಮೂರು ಸಲ ಸಂಸದರಾದರು. ಇದನ್ನು ಹೇಳಿದರೆ ಇಲ್ಲಿನ ಬಿಳಿಯ ಗೆಳೆಯರಿಗೆ ಏನೂ ಅನ್ನಿಸುವುದಿಲ್ಲ. ನನಗೆ ಮಾತ್ರ ಬಹಳ ಮಜಾ ಅನ್ನಿಸುತ್ತದೆ.

ಈ ನೆಲ ಹಿಂದೆ ಕಾರ್ಲ್‌ಟನ್ ಕೌಂಟಿಗೆ ಸೇರಿತ್ತು. ಚುನಾವಣೆಯಲ್ಲೂ ಕಾರ್ಲ್‌ಟನ್ ಎಂಬುದೇ ಇಲ್ಲಿನ ಹಳೆಯ ಹೆಸರು. ಹೊಲ, ದನದ ಕೊಟ್ಟಿಗೆ, ಚರ್ಚು, ಅಚಲವಾದ ಕನ್ಸರ್ವೇಟಿವ್ ನಿಷ್ಠೆ. ಸಂಸತ್ ಭವನದಿಂದ ಕುದುರೆಗಾಡಿಯಲ್ಲಿ ಹೋಗಿಬರುವಷ್ಟು ದೂರ. ಪಕ್ಷದ ನಾಯಕನಿಗೆ ಇದಕ್ಕಿಂತ ಅನುಕೂಲದ ಜಾಗ ಎಲ್ಲಿ ಸಿಗಬೇಕು?

ಮೊದಲು ಬಂದವರು ಸಾಮಾನ್ಯರಲ್ಲ, ದೇಶದ ಮೊದಲ ಪ್ರಧಾನಿ ಜಾನ್ ಎ. ಮ್ಯಾಕ್‌ಡೊನಾಲ್ಡ್. 1882ರಿಂದ 1887ರವರೆಗೆ ಅವರು ಕಾರ್ಲ್‌ಟನ್‌ನ ಸದಸ್ಯ. ಆ 1882ರ ಚುನಾವಣೆಗೆ ಮುಂಚೆ, ಈ ನೆಲವಿರುವ ಒಂಟಾರಿಯೊ ಪ್ರಾಂತ್ಯದ ಕ್ಷೇತ್ರಗಳ ಗಡಿಯನ್ನು ಅವರ ಸರ್ಕಾರವೇ ತನಗೆ ಬೇಕಾದ ಹಾಗೆ ಎಳೆದಿತ್ತು. ವಿರೋಧಿ ಲಿಬರಲ್ ಮತದಾರರನ್ನು ಜೇನಿನ ಹಾಗೆ ಕೆಲವೇ ಗೂಡುಗಳಿಗೆ ತುಂಬಿ, ಉಳಿದ ಕಡೆ ತಾವು ಗೆಲ್ಲುವ ಉಪಾಯ. ಈಗ ಆ ಕೆಲಸ ರಾಜಕಾರಣಿಗಳ ಕೈಯಲ್ಲಿಲ್ಲ. 1964ರ ಕಾನೂನಿನ ಪ್ರಕಾರ ಹತ್ತು ವರ್ಷಕ್ಕೊಮ್ಮೆ ಜನಗಣತಿಯ ನಂತರ ಪ್ರತಿ ಪ್ರಾಂತ್ಯದಲ್ಲೂ ಮೂವರ ಸ್ವತಂತ್ರ ಆಯೋಗ ಕೂತು ಗಡಿ ಬರೆಯುತ್ತದೆ. 1887ರಲ್ಲಿ ಮ್ಯಾಕ್‌ಡೊನಾಲ್ಡ್ ಕಾರ್ಲ್‌ಟನ್, ಕಿಂಗ್‌ಸ್ಟನ್ ಎರಡರಲ್ಲೂ ಗೆದ್ದು ತಮ್ಮ ಊರಾದ ಕಿಂಗ್‌ಸ್ಟನ್ನನ್ನೇ ಇಟ್ಟುಕೊಂಡರು.

ಎರಡನೆಯವರು ರಾಬರ್ಟ್ ಬೋರ್ಡನ್. ಮೊದಲ ಮಹಾಯುದ್ಧದ ಕಾಲದ ಪ್ರಧಾನಿ. ಈಗಿನ ನೂರು ಡಾಲರ್ ನೋಟಿನಲ್ಲಿ ಮೀಸೆ ಹೊತ್ತು ಕೂತವರು. 1904ರಲ್ಲಿ ಅವರಿನ್ನೂ ವಿರೋಧ ಪಕ್ಷದ ನಾಯಕ, ಮತ್ತು ಆ ಚುನಾವಣೆಯಲ್ಲಿ ತಮ್ಮೂರಾದ ಹ್ಯಾಲಿಫ್ಯಾಕ್ಸ್‌ನಲ್ಲೇ ಸೋತರು. ನಾಯಕನೇ ಸದನದ ಹೊರಗೆ. ಆಗ ಕಾರ್ಲ್‌ಟನ್‌ನ ಸಂಸದ ಎಡ್ವರ್ಡ್ ಕಿಡ್ ರಾಜೀನಾಮೆ ಕೊಟ್ಟು ಜಾಗ ಮಾಡಿಕೊಟ್ಟರು. ಕಿಡ್ ರೈತ, ಚೀಸ್ ತಯಾರಿಸುತ್ತಿದ್ದವರು. 1905ರ ಉಪಚುನಾವಣೆಯಲ್ಲಿ ಬೋರ್ಡನ್ ಆ ದಾರಿಯಲ್ಲಿ ಸದನಕ್ಕೆ ಮರಳಿದರು. 1908ರಲ್ಲಿ ಬೋರ್ಡನ್ ಹ್ಯಾಲಿಫ್ಯಾಕ್ಸ್‌ನಲ್ಲೂ ಗೆದ್ದು ಅದನ್ನೇ ಉಳಿಸಿಕೊಂಡಾಗ, 1909ರಲ್ಲಿ ಕಿಡ್ ಮತ್ತೆ ಕಾರ್ಲ್‌ಟನ್‌ನ ಸಂಸದರಾಗಿ ಬಂದರು. 1912ರಲ್ಲಿ ಸಾಯುವವರೆಗೂ ಇದ್ದರು. ಕೊಟ್ಟ ಸಾಲ ವಾಪಸು ಬಂದ ಅಪರೂಪದ ಪ್ರಕರಣ. ಈ ಮನುಷ್ಯನ ಬಗ್ಗೆ ಇನ್ನಷ್ಟು ತಿಳಿಯಬೇಕೆಂಬ ಆಸೆ ನನಗೆ ಬೋರ್ಡನ್‌ಗಿಂತ ಹೆಚ್ಚಾಗಿದೆ.

ಮೂರನೆಯವರು ಜಾರ್ಜ್ ಡ್ರೂ. 1948ರಲ್ಲಿ ಕನ್ಸರ್ವೇಟಿವ್ ಪಕ್ಷದ ನಾಯಕರಾದರು, ಸಂಸತ್ತಿನಲ್ಲಿ ಸೀಟಿರಲಿಲ್ಲ. ಕಾರ್ಲ್‌ಟನ್‌ನ ಸದಸ್ಯ ರಸೆಲ್ ಬೂಶೆ ಜಾಗ ಖಾಲಿ ಮಾಡಿದರು. ಆ ಡಿಸೆಂಬರಿನ ಉಪಚುನಾವಣೆಯಲ್ಲಿ ಡ್ರೂ ಎದುರು ಎಡಪಂಥೀಯ ಸಿಸಿಎಫ್ ಪಕ್ಷದಿಂದ ನಿಂತವರು ಯೂಜೀನ್ ಫಾರ್ಸಿ, ದೇಶದ ದೊಡ್ಡ ಸಂವಿಧಾನ ಪಂಡಿತರಲ್ಲೊಬ್ಬರು. ಪಂಡಿತರು ಸೋತರು. ಕಾರ್ಲ್‌ಟನ್ ರೈತರಿಗೆ ಸಮಾಜವಾದ ರುಚಿಸುವ ಕಾಲ ಅದಾಗಿರಲಿಲ್ಲ. ಡ್ರೂ ಅವರ ನಂತರ ಅವರದೇ ಪಕ್ಷದ ಡಿಕ್ ಬೆಲ್ ಬಂದರು. 1963ರಲ್ಲಿ ಲಾಯ್ಡ್ ಫ್ರಾನ್ಸಿಸ್ ಎಂಬ ಲಿಬರಲ್ ಈ ಕೋಟೆಗೆ ನುಗ್ಗಿದರು. 1965ರಲ್ಲಿ ಬೆಲ್ ವಾಪಸು ಪಡೆದರು.

ಇದನ್ನೆಲ್ಲ ಓದುವ ಕನ್ನಡಿಗನಿಗೆ ಚಿಕ್ಕಮಗಳೂರು ನೆನಪಾಗದೆ ಇರುತ್ತದೆಯೇ? 1977ರಲ್ಲಿ ರಾಯ್‌ಬರೇಲಿಯಲ್ಲಿ ಸೋತ ಇಂದಿರಾ ಗಾಂಧಿಗೆ 1978ರಲ್ಲಿ ಸೀಟು ಬೇಕಾಯಿತು, ಡಿ.ಬಿ. ಚಂದ್ರೇಗೌಡರು ತಮ್ಮದನ್ನು ಬಿಟ್ಟುಕೊಟ್ಟರು. ಇಂದಿರಾ ವೀರೇಂದ್ರ ಪಾಟೀಲರನ್ನು ಸೋಲಿಸಿದರು. ಎಲ್ಲರಿಗೂ ಇಂದಿರಾ ಗೆದ್ದದ್ದು ನೆನಪಿದೆ. ಚಂದ್ರೇಗೌಡರು ಮುಂದೆ ವಿಧಾನಸಭೆಯ ಸ್ಪೀಕರ್ ಆದರು, 2009ರಲ್ಲಿ ಬಿಜೆಪಿಯಿಂದ ಬೆಂಗಳೂರು ಉತ್ತರದ ಸಂಸದರೂ ಆದರು. ಆದರೂ ಅವರ ಹೆಸರು ಬಂದಾಗ ಜನ ಮೊದಲು ಹೇಳುವುದು "ಇಂದಿರಾ ಗಾಂಧಿಗೆ ಸೀಟು ಬಿಟ್ಟುಕೊಟ್ಟೋರು" ಎಂದೇ. ಕಿಡ್‌ಗೆ, ಬೂಶೆಗೆ ಆ ಮಟ್ಟದ ಹೆಸರೂ ಸಿಗಲಿಲ್ಲ.

ಮತ್ತೆ ನೆಪೀಯನ್‌ಗೆ. ಇಲ್ಲಿನ ಮತ ಬದಲಾಗುವ ಮೊದಲು ನೆಲ ಬದಲಾಯಿತು. 1950ರ ದಶಕದಲ್ಲಿ ಸರ್ಕಾರ ಒಟ್ಟಾವಾದ ಸುತ್ತ ಹಸಿರುಪಟ್ಟಿಯೊಂದನ್ನು ಕಟ್ಟತೊಡಗಿತು. ನಗರ ಅದರಾಚೆ ಹಬ್ಬಬಾರದು ಎಂಬುದು ಲೆಕ್ಕಾಚಾರ. ನಗರ ಅದನ್ನು ಹಾರಿ ಆಚೆಗೆ ಬಂದು ಕೂತಿತು. 1960ರ ದಶಕದಲ್ಲಿ ಮೆಲ್ ಬಾರ್ ಎಂಬಾತ ಕುದುರೆ ರೇಸ್ ಕೋರ್ಸ್ ಮಾಡಬೇಕೆಂದು ಇಲ್ಲಿ 200 ಎಕರೆ ಹೊಲ ಕೊಂಡ. ಬೇರೊಂದು ರೇಸ್ ಕೋರ್ಸ್ ಮೊದಲೇ ತೆರೆದದ್ದರಿಂದ ಮನಸ್ಸು ಬದಲಾಯಿಸಿ ಸೈಟು ಮಾಡಿದ. ಬಾರ್‌ಹೇವನ್ ಹುಟ್ಟಿದ್ದು ಹಾಗೆ. ನಾನೀಗ ಹಿಮ ಗೋರುವ ಅಂಗಳ ಕುದುರೆಗಳದ್ದಾಗಬೇಕಿತ್ತು.

ಹೊಸ ಬಡಾವಣೆಗೆ ಬಂದವರಲ್ಲಿ ಹೆಚ್ಚಿನವರು ಸರ್ಕಾರಿ ನೌಕರರು, ಆಮೇಲೆ ಟೆಕ್ ಕಂಪನಿಗಳವರು, ಆಮೇಲೆ ಚೀನಾ, ಭಾರತ, ಅರಬ್ ದೇಶಗಳಿಂದ ಬಂದ ನಮ್ಮಂಥವರು. ಆದರೂ ಹಳೆ ನಿಷ್ಠೆ ಒಂದೇ ಏಟಿಗೆ ಹೋಗಲಿಲ್ಲ. 1972ರಿಂದ ಇಲ್ಲಿನ ಪ್ರತಿನಿಧಿ ವಾಲ್ಟರ್ ಬೇಕರ್, ಕನ್ಸರ್ವೇಟಿವ್. 1979ರಲ್ಲಿ ಕ್ಷೇತ್ರದ ಹೆಸರು ನೆಪೀಯನ್–ಕಾರ್ಲ್‌ಟನ್ ಆಯಿತು. ಆ ವರ್ಷ ಜೋ ಕ್ಲಾರ್ಕ್ ಅವರ ಅಲ್ಪಮತದ ಸರ್ಕಾರದಲ್ಲಿ ಬೇಕರ್ ಸದನದ ನಾಯಕ. ಡಿಸೆಂಬರ್ 13ರ ರಾತ್ರಿ ಬಜೆಟ್ ಮೇಲಿನ ಮತದಾನದಲ್ಲಿ 139–133ರಿಂದ ಸರ್ಕಾರ ಬಿತ್ತು. ತಲೆ ಎಣಿಸುವುದು ಸದನದ ನಾಯಕನ ಕೆಲಸಗಳಲ್ಲೊಂದು, ಅಲ್ಲವೇ? ಆದರೆ ಕ್ಷೇತ್ರದ ಜನ ಅವರನ್ನು ಬಿಡಲಿಲ್ಲ. 1983ರಲ್ಲಿ ತೀರಿಕೊಳ್ಳುವವರೆಗೂ ಅವರೇ ಸದಸ್ಯ. ಇಂದು ಬಾರ್‌ಹೇವನ್‌ನ ದೊಡ್ಡ ಕ್ರೀಡಾಕೇಂದ್ರಕ್ಕೆ ಅವರ ಹೆಸರು. "ವಾಲ್ಟರ್ ಬೇಕರ್‌ಗೆ ಹೋಗಿ ಈಜಿ ಬಂದೆ" ಎನ್ನುವ ಮಕ್ಕಳಿಗೆ ಆತ ಯಾರೆಂದು ಗೊತ್ತಿಲ್ಲ. ಗೊತ್ತಿರಬೇಕೆಂದೂ ಏನಿಲ್ಲ, ನೀರು ಬೆಚ್ಚಗಿದ್ದರೆ ಸಾಕು.

1988ರಲ್ಲಿ ದೇಶವೆಲ್ಲ ಕನ್ಸರ್ವೇಟಿವರಿಗೆ ಬಹುಮತ ಕೊಟ್ಟರೆ, ಅದೇ ವರ್ಷ ಒಂಟಿ ಹೆಸರಿನ ನೆಪೀಯನ್ ಕ್ಷೇತ್ರ ಲಿಬರಲ್ ಪಕ್ಷದ ಬೆರಿಲ್ ಗ್ಯಾಫ್ನಿಯನ್ನು ಆರಿಸಿತು. 1997ರಲ್ಲಿ ಗಡಿ ಬದಲಾಗಿ ಮತ್ತೆ ನೆಪೀಯನ್–ಕಾರ್ಲ್‌ಟನ್. ಲಿಬರಲ್ ಪಕ್ಷದ ಡೇವಿಡ್ ಪ್ರ್ಯಾಟ್ ಗೆದ್ದರು, 2000ದಲ್ಲೂ ಗೆದ್ದರು. ಆ ಗೆಲುವುಗಳ ಹಿಂದೆ ಒಂದು ಸರಳ ಲೆಕ್ಕವಿತ್ತು. ಬಲಪಂಥದ ಮತ ಆಗ ಎರಡು ಪಕ್ಷಗಳ ನಡುವೆ ಒಡೆದಿತ್ತು. 2003ರ ಕೊನೆಗೆ ಅವೆರಡೂ ಒಂದಾದವು. 2004ರ ಜೂನ್‌ನಲ್ಲಿ ಪ್ರ್ಯಾಟ್ ದೇಶದ ರಕ್ಷಣಾ ಸಚಿವ. ಎದುರಾಳಿ 25 ವರ್ಷದ ಹುಡುಗ, ಹೆಸರು ಪಿಯೇರ್ ಪೊಲಿಯೆವ್. ರಕ್ಷಣಾ ಸಚಿವರು ಸೋತರು. ಆ ಹುಡುಗ 2015ರವರೆಗೆ ಈ ನೆಲದ ಸಂಸದರಾಗಿದ್ದರು, ಮುಂದೆ ಕನ್ಸರ್ವೇಟಿವ್ ಪಕ್ಷದ ನಾಯಕರಾದರು.

2015ರ ಚುನಾವಣೆಗೆ ಸಂಸತ್ತಿನ ಸೀಟು 308ರಿಂದ 338ಕ್ಕೆ ಏರಿತು. ಗಡಿ ಆಯೋಗ ನೆಪೀಯನ್–ಕಾರ್ಲ್‌ಟನ್ನನ್ನು ಒಡೆಯಿತು: ಬಾರ್‌ಹೇವನ್ ಸುತ್ತಲ ಬಡಾವಣೆಗಳು ನೆಪೀಯನ್ ಆದವು, ಹಳ್ಳಿಗಾಡಿನ ಭಾಗ ಹಳೆಯ ಹೆಸರಾದ ಕಾರ್ಲ್‌ಟನ್ ಪಡೆಯಿತು. ಪೊಲಿಯೆವ್ ಕಾರ್ಲ್‌ಟನ್‌ಗೆ ಹೋದರು. ಹೊಸ ನೆಪೀಯನ್‌ನಲ್ಲಿ ಲಿಬರಲ್ ಟಿಕೆಟ್ ಪಡೆದು, ಸುಮಾರು ಶೇ 52 ಮತಗಳೊಂದಿಗೆ ಗೆದ್ದವರು ಚಂದ್ರ ಆರ್ಯ. ಕೆನಡಾಕ್ಕೆ ಬಂದು ಒಂಬತ್ತೇ ವರ್ಷ ಆಗಿತ್ತು ಅವರಿಗೆ.

ಇಲ್ಲಿ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ, ಊರಿನವರು ಈಗ ಕ್ಷೇತ್ರ ಪುನರ್ವಿಂಗಡಣೆಯ ಚಿಂತೆಯಲ್ಲಿರುವುದರಿಂದ. ಜನಸಂಖ್ಯೆ ಹಿಡಿತದಲ್ಲಿಟ್ಟ ದಕ್ಷಿಣದ ರಾಜ್ಯಗಳಿಗೆ ಲೋಕಸಭೆಯಲ್ಲಿ ಪಾಲು ಕಡಿಮೆಯಾದೀತು ಎಂಬ ಆತಂಕ ನಮಗಿದೆಯಲ್ಲ, ಅದೇ ಆತಂಕ ಕ್ವಿಬೆಕ್‌ಗೂ ಇತ್ತು. 2021ರ ಗಣತಿಯ ನಂತರ ಅದು ಒಂದು ಸೀಟು ಕಳೆದುಕೊಳ್ಳಬೇಕಿತ್ತು. 2022ರಲ್ಲಿ ಸಂಸತ್ತು ಕಾನೂನು ತಿದ್ದಿ, ಯಾವ ಪ್ರಾಂತ್ಯಕ್ಕೂ ಈಗಿರುವುದಕ್ಕಿಂತ ಕಡಿಮೆ ಸೀಟು ಬರಕೂಡದು ಎಂದು ಮಾಡಿತು. ಕ್ವಿಬೆಕ್ 78ರಲ್ಲೇ ಉಳಿಯಿತು. ಬೆಳೆದ ಪ್ರಾಂತ್ಯಗಳಿಗೆ ಐದು ಸೇರಿ ಒಟ್ಟು 343 ಆಯಿತು. ಇದರಿಂದ ಎಲ್ಲರ ಓಟಿಗೂ ಸಮಾನ ತೂಕ ಎಂಬ ತತ್ವಕ್ಕೆ ಪೆಟ್ಟು ಬೀಳುವುದು ನಿಜ. ಆದರೆ ಒಕ್ಕೂಟ ಮುಖ್ಯ ಅನ್ನುವವರು ಎಲ್ಲೋ ಒಂದು ಕಡೆ ಆ ಬೆಲೆ ಕೊಡಲೇಬೇಕಾಗುತ್ತದೆ, ಅದನ್ನು ಇವರು ಗಲಾಟೆಯಿಲ್ಲದೆ ಕೊಟ್ಟರು ಅನ್ನಿಸುತ್ತದೆ ನನಗೆ.

ಆರ್ಯ 2019ರಲ್ಲಿ ಸುಮಾರು ಶೇ 46, 2021ರಲ್ಲಿ ಸುಮಾರು ಶೇ 45 ಮತ ಪಡೆದು ಗೆಲ್ಲುತ್ತ ಹೋದರು. ಇಲ್ಲೂ ನಮ್ಮಲ್ಲಿಯ ಹಾಗೆ ಹೆಚ್ಚು ಓಟು ಬಿದ್ದವರು ಗೆದ್ದರು, ಅರ್ಧ ದಾಟಬೇಕೆಂದಿಲ್ಲ. ಕನ್ಸರ್ವೇಟಿವರು ಎರಡು ಸಲವೂ ಮೂರನೇ ಒಂದರ ಆಸುಪಾಸಿನಲ್ಲೇ ನಿಂತರು. ಎಡಕ್ಕಿರುವ ಎನ್‌ಡಿಪಿ 2021ರಲ್ಲಿ ಶೇ 16ರವರೆಗೆ ಏರಿತು. ಈ ಅಂಕಿಗಳನ್ನು ನೆನಪಿಟ್ಟುಕೊಳ್ಳಿ, ಬೇಕಾಗುತ್ತವೆ.

2022ರ ಮೇ 19ರ ಆ ಕನ್ನಡ ಭಾಷಣ ಪ್ರಶ್ನೋತ್ತರಕ್ಕೆ ಮುಂಚೆ ಸದಸ್ಯರಿಗೆ ಸಿಗುವ ಒಂದು ನಿಮಿಷದ ಹೇಳಿಕೆಯ ಹೊತ್ತಿನದು. ಆ ನಿಮಿಷದಲ್ಲಿ ಕೆಲವರು ಊರಿನ ಹಾಕಿ ತಂಡವನ್ನು ಅಭಿನಂದಿಸುತ್ತಾರೆ, ಕೆಲವರು ತೀರಿಕೊಂಡ ಶಾಲಾ ಶಿಕ್ಷಕಿಯನ್ನು ನೆನೆಯುತ್ತಾರೆ. ಆರ್ಯ ಅದನ್ನು ದ್ವಾರಾಳಿಗೂ ಕನ್ನಡಕ್ಕೂ ಕೊಟ್ಟು, ಕುವೆಂಪು ಅವರ ಸಾಲಿನಿಂದ ಮುಗಿಸಿದರು. ಅವರ ರಾಜಕೀಯದ ಎಲ್ಲ ನಿಲುವುಗಳಿಗೂ ನಾನು ತಲೆಯಾಡಿಸಿದವನಲ್ಲ. ಆದರೆ ಆ ನಿಮಿಷ ನನ್ನದೂ ಆಗಿತ್ತು. ಅದನ್ನು ಅಲ್ಲಗಳೆದರೆ ಸುಳ್ಳಾಗುತ್ತದೆ.

ಆಮೇಲಿನದು ಬೇಗ ಬೇಗ ನಡೆಯಿತು. ಭಾರತ–ಕೆನಡಾ ಸಂಬಂಧ 2023ರಲ್ಲಿ ಹದಗೆಟ್ಟಿತು. ಖಲಿಸ್ತಾನಿ ಪ್ರತ್ಯೇಕತಾವಾದಿಗಳ ವಿರುದ್ಧ ಆರ್ಯ ತಮ್ಮ ಪಕ್ಷದೊಳಗೇ ಗಟ್ಟಿ ದನಿಯಲ್ಲಿ ಮಾತಾಡುತ್ತಿದ್ದರು. 2024ರ ಆಗಸ್ಟ್‌ನಲ್ಲಿ ಭಾರತಕ್ಕೆ ಹೋಗಿ ಪ್ರಧಾನಿ ಮೋದಿಯವರನ್ನು ಭೇಟಿ ಮಾಡಿದರು. 2025ರ ಜನವರಿಯಲ್ಲಿ ನಾಯಕತ್ವಕ್ಕೆ ಸ್ಪರ್ಧಿಸಲು ಪಕ್ಷ ಅವರಿಗೆ ಅವಕಾಶ ಕೊಡಲಿಲ್ಲ. ಮಾರ್ಚ್ 9ರಂದು, ಸಂಸತ್ತಿನಲ್ಲಿ ಸೀಟೇ ಇಲ್ಲದ ಮಾರ್ಕ್ ಕಾರ್ನಿ ನಾಯಕರಾದರು, 14ರಂದು ಪ್ರಧಾನಿಯಾದರು. 20ರಂದು ನೆಪೀಯನ್‌ನ ಅಭ್ಯರ್ಥಿಯಾಗಿ ಆರ್ಯ ಅವರಿಗೆ ಕೊಟ್ಟಿದ್ದ ಒಪ್ಪಿಗೆಯನ್ನು ಪಕ್ಷ ಹಿಂತೆಗೆದುಕೊಂಡಿತು. ಎರಡೇ ದಿನದಲ್ಲಿ ಕಾರ್ನಿ ಅಲ್ಲಿಂದಲೇ ನಿಲ್ಲುತ್ತಾರೆ ಎಂಬ ಘೋಷಣೆ ಬಂತು. ಪಕ್ಷ ಕಾರಣವನ್ನು ಬಿಡಿಸಿ ಹೇಳಲಿಲ್ಲ. ಪತ್ರಿಕೆಗಳು ಭಾರತ ಸರ್ಕಾರದೊಂದಿಗಿನ ನಂಟಿನ ಕುರಿತ ಆಪಾದನೆಯನ್ನು ಬರೆದವು. ಆರ್ಯ ಅದನ್ನು ಅಲ್ಲಗಳೆದರು.

ಆ ವಾರ ಮಧುಗಿರಿಯಿಂದ ದೊಡ್ಡಪ್ಪ ಫೋನ್ ಮಾಡಿದರು.

"ಏನಪ್ಪಾ, ನಮ್ ಸಿರಾದೋರ್ಗೆ ಬಿ ಫಾರಂ ತಪ್ಪಿಸ್ಬುಟ್ರಂತೆ?"

"ಹೂ ದೊಡ್ಡಪ್ಪ. ಪ್ರಧಾನಿಗಳೇ ನಮ್ಮ ಕ್ಷೇತ್ರದಿಂದ ನಿಲ್ತಾರಂತೆ."

"ಅಲ್ಲಾ, ಮೂರ್ ಸಲ ಗೆದ್ದೋರು. ಪಕ್ಷೇತರ ನಿಲ್ಬೇಕಾಗಿತ್ತು ಕಣಯ್ಯಾ."

"ಇಲ್ಲಿ ಪಕ್ಷೇತರರು ಗೆಲ್ಲೋದು ಕಷ್ಟ ದೊಡ್ಡಪ್ಪ."

"ಇಲ್ಲೇನ್ ಸುಲಭವಾ? ಆದ್ರೂ ನಿಲ್ತಾರೆ. ರೋಷ ಬೇಡ್ವಾ?"

ದೊಡ್ಡಪ್ಪ ಬಿ ಫಾರಂ ಅಂದದ್ದು ತಮಾಷೆಗೇನಲ್ಲ, ವಿಷಯದ ಮೂಲವೇ ಅದು. ಕೆನಡಾದ ಮತಪತ್ರದ ಮೇಲೆ 1970ರವರೆಗೆ ಪಕ್ಷದ ಹೆಸರೇ ಇರುತ್ತಿರಲಿಲ್ಲ. ಅಭ್ಯರ್ಥಿಯ ಹೆಸರು, ವಿಳಾಸ, ಉದ್ಯೋಗ ಮಾತ್ರ. ಅಂದರೆ ಎಡ್ವರ್ಡ್ ಕಿಡ್ ನಿಂತಾಗ ಚೀಟಿಯ ಮೇಲಿದ್ದದ್ದು ಕಿಡ್ ಮಾತ್ರ, ಕನ್ಸರ್ವೇಟಿವ್ ಎಂಬ ಮುದ್ರೆಯಲ್ಲ. 1970ರ ಕಾನೂನು ಪಕ್ಷದ ಹೆಸರನ್ನು ಚೀಟಿಗೆ ತಂದಿತು, 1972ರ ಚುನಾವಣೆಯಲ್ಲಿ ಅದು ಮೊದಲ ಸಲ ಬಳಕೆಗೆ ಬಂತು. ಯಾರು ಪಕ್ಷದವರು ಎಂದು ತೀರ್ಮಾನಿಸಲು ಯಾರಾದರೂ ಸಹಿ ಹಾಕಬೇಕಲ್ಲ? ಆ ಸಹಿ ಪಕ್ಷದ ನಾಯಕನಿಗೆ ಹೋಯಿತು. 2015ರಿಂದ ಕಾನೂನು ಸ್ವಲ್ಪ ಸಡಿಲವಾಗಿ, ಪಕ್ಷ ಗೊತ್ತುಮಾಡಿದ ಯಾರು ಬೇಕಾದರೂ ಸಹಿ ಹಾಕಬಹುದು ಎಂದಾಗಿದೆ. ಏನೇ ಆದರೂ ಸಹಿ ಒಟ್ಟಾವಾದ ಪಕ್ಷದ ಕಚೇರಿಯದೇ. ಮತದಾರನಿಗೆ ಅನುಕೂಲವಾಗಲೆಂದು ಮಾಡಿದ ಸಣ್ಣ ಬದಲಾವಣೆ ಕ್ಷೇತ್ರದ ಕೀಲಿಕೈಯನ್ನೇ ಕ್ಷೇತ್ರದಿಂದ ಹೊರಗೆ ಸಾಗಿಸಿತು. ಕಿಡ್ ಮತ್ತು ಬೂಶೆ ತಾವಾಗಿ ರಾಜೀನಾಮೆ ಬರೆದುಕೊಡಬೇಕಿತ್ತು. 2025ರಲ್ಲಿ ರಾಜೀನಾಮೆ ಕೇಳುವ ಅಗತ್ಯವೂ ಬೀಳಲಿಲ್ಲ.

ಪಕ್ಷೇತರರಾಗಿ ಗೆದ್ದವರು ಇಲ್ಲವೆಂದಲ್ಲ. 2019ರಲ್ಲಿ ವ್ಯಾಂಕೂವರ್‌ನಲ್ಲಿ ಜೋಡಿ ವಿಲ್ಸನ್-ರೇಬೋಲ್ಡ್ ಪಕ್ಷದಿಂದ ಹೊರಬಿದ್ದು ಗೆದ್ದು ತೋರಿಸಿದರು. ಆರ್ಯ ಆ ದಾರಿ ಹಿಡಿಯಲಿಲ್ಲ. ಪ್ರಧಾನಿಯ ಎದುರು ನಿಲ್ಲುವುದು ಬೇರೆಯೇ ಲೆಕ್ಕ.

ಹೀಗೇಕೆ ಪ್ರಧಾನಿಗೆ ಅಷ್ಟು ಅವಸರ ಎಂದು ಊರಿನಿಂದ ಕೇಳಿದವರಿದ್ದಾರೆ. ನಮ್ಮ ದೇವೇಗೌಡರು 1996ರಲ್ಲಿ ಪ್ರಧಾನಿಯಾದಾಗ ಸಂಸತ್ತಿನ ಯಾವ ಸದನದಲ್ಲೂ ಇರಲಿಲ್ಲ, ಆಮೇಲೆ ರಾಜ್ಯಸಭೆಗೆ ಬಂದರು. ಇಲ್ಲಿನ ಮೇಲ್ಮನೆಗೆ ಚುನಾವಣೆಯೇ ಇಲ್ಲ, ಎಲ್ಲರೂ ನೇಮಕಗೊಂಡವರು. ಜನ ಆರಿಸಿದ ಕೆಳಮನೆಯಲ್ಲಿ ಪ್ರಧಾನಿ ಕೂರಲೇಬೇಕೆಂಬುದು ಕಾನೂನಲ್ಲ, ಆದರೆ ಕಾನೂನಿನಷ್ಟೇ ಗಟ್ಟಿಯಾದ ರೂಢಿ.

ಏಪ್ರಿಲ್ 28ರಂದು ಓಟು. ನಮ್ಮ ಬೀದಿಯ ಅಂಗಳಗಳಲ್ಲಿ ಹಿಮ ಕರಗಿದ ಮಣ್ಣಿಗೆ ಚುಚ್ಚಿದ ಕೆಂಪು, ನೀಲಿ ಫಲಕಗಳು. ಮತಗಟ್ಟೆ ಒಂದು ಶಾಲೆಯ ಜಿಮ್ನಾಸಿಯಂ. ನೆಲದ ಮೇಲೆ ಬ್ಯಾಸ್ಕೆಟ್‌ಬಾಲ್ ಗೆರೆಗಳು, ಅದರ ಮೇಲೆ ಮಡಚುವ ಮೇಜುಗಳು. ಇಲ್ಲಿ ಯಂತ್ರವಿಲ್ಲ, ಬೆರಳಿಗೆ ಶಾಯಿಯಿಲ್ಲ, ಚಿಹ್ನೆಯಿಲ್ಲ, ಅಭ್ಯರ್ಥಿಯ ಫೋಟೊ ಇಲ್ಲ. ಮೇಜಿನ ಆಚೆಯ ಹೆಂಗಸು ಗುರುತಿನ ಚೀಟಿ ನೋಡಿ, ಹೆಸರಿನ ಮೇಲೆ ಸ್ಕೇಲಿಟ್ಟು ಗೆರೆ ಎಳೆದು, ಮತಪತ್ರದ ಬೆನ್ನಿಗೆ ತನ್ನ ಇನಿಶಿಯಲ್ ಹಾಕಿ, ಮಡಚಿ ತೋರಿಸಿ ಕೊಟ್ಟಳು. ರಟ್ಟಿನ ಮರೆ, ಒಂದು ಸಣ್ಣ ಪೆನ್ಸಿಲ್. ಕಪ್ಪು ಹಿನ್ನೆಲೆಯಲ್ಲಿ ಬಿಳಿ ವೃತ್ತಗಳು, ಎದುರಿಗೆ ಕುಲನಾಮದ ಅಕ್ಷರಕ್ರಮದಲ್ಲಿ ಹೆಸರುಗಳು. ಗುರುತು ಹಾಕಿ ಮಡಚಿ ತಂದರೆ, ಆಕೆ ತನ್ನ ಇನಿಶಿಯಲ್ ಸರಿಯಿದೆಯೇ ನೋಡಿ, ಅಂಚಿನ ಪಟ್ಟಿಯನ್ನು ಹರಿದುಕೊಂಡು, ಚೀಟಿಯನ್ನು ನನ್ನ ಕೈಗೇ ಮರಳಿ ಕೊಟ್ಟಳು. ಪೆಟ್ಟಿಗೆಯೂ ರಟ್ಟಿನದೇ. ಮತಗಟ್ಟೆ ಮುಚ್ಚಿದ ಮೇಲೆ ಅದೇ ಸಿಬ್ಬಂದಿ ಅಲ್ಲೇ ಕೂತು ಕೈಯಲ್ಲಿ ಎಣಿಸುತ್ತಾರೆ. ಬ್ಯಾಲೆಟ್ ಕಾಲದ ಮಧುಗಿರಿಯ ಗಲಾಟೆ, ಪೊಲೀಸು, ಬೀಗಮುದ್ರೆ ನೋಡಿ ಬೆಳೆದ ನನಗೆ ಈ ನಿರಾಳತೆ ಮೊದಮೊದಲು ನಂಬಿಕೆಯೇ ಬರುತ್ತಿರಲಿಲ್ಲ. ಯಾರ ಕಡೆಯವರೂ ಬಾಗಿಲಲ್ಲಿ ನಿಂತು ಕೈ ಮುಗಿಯುವುದಿಲ್ಲ, ನೋಡಿ.

ಫಲಿತಾಂಶ: ಕಾರ್ನಿಗೆ ಸುಮಾರು ಶೇ 64. ಕನ್ಸರ್ವೇಟಿವ್ ಪಕ್ಷದ ಬಾರ್ಬರಾ ಬಾಲ್‌ಗೆ ಶೇ 33ರ ಹತ್ತಿರ. ಎನ್‌ಡಿಪಿ 16ರಿಂದ 2ರ ಆಸುಪಾಸಿಗೆ ಕುಸಿಯಿತು. ಹಿಂದಿನ ಅಂಕಿಗಳ ಪಕ್ಕ ಇದನ್ನಿಟ್ಟು ನೋಡಿದರೆ ಕನ್ಸರ್ವೇಟಿವ್ ಪಾಲು ಹೆಚ್ಚೂಕಡಿಮೆ ಅಲುಗಲೇ ಇಲ್ಲ. ಎಡಗಡೆಯ ಮತವೆಲ್ಲ ಒಂದೇ ಮಡಿಲಿಗೆ ಬಂದು ಬಿತ್ತು. ಅಮೆರಿಕದ ಅಧ್ಯಕ್ಷರು ಕೆನಡಾವನ್ನು 51ನೇ ರಾಜ್ಯ ಮಾಡುವ ಮಾತಾಡುತ್ತಿದ್ದ, ಸುಂಕ ಹೇರುತ್ತಿದ್ದ ವಸಂತ ಅದು. ಬಾರ್‌ಹೇವನ್ ಜನ ಅಂದು ನೆಪೀಯನ್‌ಗೆ ಪ್ರತಿನಿಧಿಯನ್ನು ಆರಿಸಿದರು ಎನ್ನುವುದಕ್ಕಿಂತ ದೇಶಕ್ಕೆ ಪ್ರಧಾನಿಯನ್ನು ಆರಿಸಿದರು. ಆರ್ಯ ನಿಂತಿದ್ದರೂ ಗೆಲ್ಲುತ್ತಿದ್ದರು ಎಂದು ನನ್ನ ಅಂದಾಜು, ಅಂತರ ಕಡಿಮೆಯಿರುತ್ತಿತ್ತು. ಒಟ್ಟಾರೆ ಲಿಬರಲರಿಗೆ 169 ಬಂದವು; ಬಹುಮತಕ್ಕೆ 172 ಬೇಕಿತ್ತು.

ಆ ರಾತ್ರಿಯ ನಿಜವಾದ ಕಥೆ ಪಕ್ಕದ ಕಾರ್ಲ್‌ಟನ್‌ನಲ್ಲಿತ್ತು. ಅಲ್ಲಿ 91 ಅಭ್ಯರ್ಥಿಗಳು. ಚುನಾವಣಾ ಪದ್ಧತಿ ಬದಲಾಗಬೇಕೆಂದು ಪ್ರತಿಭಟಿಸುವ ಗುಂಪೊಂದು ಬೇಕೆಂದೇ ಅಷ್ಟು ಜನರನ್ನು ನಿಲ್ಲಿಸಿತ್ತು. ಮತಪತ್ರ ಹೆಚ್ಚೂಕಡಿಮೆ ಒಂದು ಮೀಟರ್ ಉದ್ದ. ಅದನ್ನು ಮಡಚುವುದೇ ಒಂದು ಕೆಲಸ, ಎಣಿಸುವುದು ಇನ್ನೊಂದು. ಮುಂಗಡ ಮತಗಳ ಎಣಿಕೆಯನ್ನು ಮತದಾನ ಮುಗಿಯುವ ಕೆಲವು ಗಂಟೆ ಮೊದಲೇ ಶುರುಮಾಡಲು ಚುನಾವಣಾ ಸಂಸ್ಥೆ ಬಿಟ್ಟಿತು. ಬೆಳಗಿನ ಹೊತ್ತಿಗೆ ತಿಳಿಯಿತು: ಇಪ್ಪತ್ತು ವರ್ಷ ಈ ಪ್ರದೇಶವನ್ನು ಆಳಿದ ಪೊಲಿಯೆವ್, ವಿರೋಧ ಪಕ್ಷದ ನಾಯಕ, ಬ್ರೂಸ್ ಫ್ಯಾನ್‌ಜಾಯ್ ಎಂಬ ಲಿಬರಲ್ ಅಭ್ಯರ್ಥಿಯ ಎದುರು ಸುಮಾರು 4,500 ಮತಗಳಿಂದ ಸೋತಿದ್ದರು. ಸರ್ಕಾರಿ ನೌಕರರ ಸಂಖ್ಯೆ ಕಡಿತ ಮಾಡುತ್ತೇನೆ ಎನ್ನುವ ನಾಯಕನಿಗೆ ಸರ್ಕಾರಿ ನೌಕರರೇ ತುಂಬಿದ ಬಡಾವಣೆಗಳು ಬೇರೆ ಏನು ಕೊಟ್ಟಾವು? ಬಾರ್‌ಹೇವನ್ ಹಾದ ದಾರಿಯಲ್ಲೇ ಕಾರ್ಲ್‌ಟನ್‌ನ ಹೊಲಗಳೂ ಸೈಟುಗಳಾಗುತ್ತಿದ್ದವು. ಅವರು ಅದನ್ನು ಎಷ್ಟರಮಟ್ಟಿಗೆ ಗಮನಿಸಿದ್ದರೋ.

ಆಮೇಲೆ ನಡೆದದ್ದು ನಿಮಗೀಗ ಊಹಿಸಲು ಕಷ್ಟವಿಲ್ಲ. ಸೀಟಿಲ್ಲದ ನಾಯಕ, ಜಾಗ ಬಿಡುವ ಒಬ್ಬ ಸದಸ್ಯ. ಈ ಸಲ ಕಾರ್ಲ್‌ಟನ್ ಆ ಸೇವೆ ಮಾಡುವ ಸ್ಥಿತಿಯಲ್ಲಿರಲಿಲ್ಲ. ಮೂರು ಸಾವಿರ ಕಿಲೊಮೀಟರಿನಷ್ಟು ಪಶ್ಚಿಮಕ್ಕೆ, ಆಲ್ಬರ್ಟಾದ ಬ್ಯಾಟಲ್ ರಿವರ್–ಕ್ರೋಫುಟ್‌ನಲ್ಲಿ ಡೇಮಿಯನ್ ಕ್ಯುರೆಕ್ ಎಂಬ ಸಂಸದ, ಏಪ್ರಿಲ್‌ನಲ್ಲಷ್ಟೇ ಭಾರಿ ಅಂತರದಿಂದ ಗೆದ್ದವರು, ರಾಜೀನಾಮೆ ಕೊಟ್ಟರು. ಆಗಸ್ಟ್ 18ರ ಉಪಚುನಾವಣೆಯಲ್ಲಿ ಆ ಪ್ರತಿಭಟನೆಯ ಗುಂಪು ಅಲ್ಲಿಗೂ ಹೋಗಿ ಅಭ್ಯರ್ಥಿಗಳ ಸಂಖ್ಯೆ 214ಕ್ಕೇರಿತು. ಹೆಸರು ಅಚ್ಚು ಮಾಡುವ ಗೋಜೇ ಬೇಡವೆಂದು, ಮತದಾರರೇ ಅಭ್ಯರ್ಥಿಯ ಹೆಸರು ಬರೆಯುವ ಖಾಲಿ ಚೀಟಿ ಕೊಟ್ಟರು. ಪೊಲಿಯೆವ್ ಸುಮಾರು ಶೇ 80 ಮತ ಪಡೆದು ಸದನಕ್ಕೆ ಮರಳಿದರು.

ಇಲ್ಲಿ ಸಂಸದರ ಕ್ಷೇತ್ರದ ಕಚೇರಿಗೆ ಜನ ಹೋಗುವುದು ದೊಡ್ಡ ರಾಜಕೀಯಕ್ಕಲ್ಲ. ಪಾಸ್‌ಪೋರ್ಟ್ ಬರಲಿಲ್ಲ, ತೆರಿಗೆ ಇಲಾಖೆ ಪತ್ರಕ್ಕೆ ಉತ್ತರ ಕೊಡುತ್ತಿಲ್ಲ, ಊರಿನಿಂದ ಅಪ್ಪ ಅಮ್ಮನನ್ನು ಕರೆಸಲು ಹಾಕಿದ ಸೂಪರ್ ವೀಸಾ ಅರ್ಜಿ ಎಲ್ಲಿ ಸಿಕ್ಕಿಹಾಕಿಕೊಂಡಿದೆ ಎಂದು ವಿಚಾರಿಸಿ ಕೊಡಿ ಎಂಬಂಥ ಕೆಲಸಗಳು. ಪ್ರಧಾನಿ ಕ್ಷೇತ್ರದ ಸಂಸದರಾದಾಗಲೂ ಆ ಕೆಲಸಗಳನ್ನು ಸಿಬ್ಬಂದಿ ಮಾಡುತ್ತಾರೆ, ಅದರಲ್ಲಿ ಕೊರತೆಯಿರಬೇಕಿಲ್ಲ. ಆದರೆ ಸದನದಲ್ಲಿ ನೆಪೀಯನ್ ಪರವಾಗಿ ಎದ್ದು ಪ್ರಧಾನಿಯನ್ನು ಪ್ರಶ್ನೆ ಕೇಳಬೇಕಾದವರು ಈಗ ಪ್ರಧಾನಿಯೇ. ನಮ್ಮ ಬಡಾವಣೆಯ ಬಸ್ಸು, ರೈಲಿನ ಮಾತು ಆ ಒಂದು ನಿಮಿಷದ ಹೇಳಿಕೆಯಲ್ಲಿ ಬರಬೇಕೆಂದರೆ ಪಕ್ಕದ ಕ್ಷೇತ್ರದವರೇ ಕನಿಕರ ತೋರಬೇಕು.

2031ರ ಗಣತಿಯ ನಂತರ ಮತ್ತೆ ಆಯೋಗ ಕೂರುತ್ತದೆ. ಈಗ ಬಾರ್‌ಹೇವನ್‌ನ ದಕ್ಷಿಣಕ್ಕೆ ಮನೆಗಳೇಳುತ್ತಿರುವ ವೇಗ ನೋಡಿದರೆ ನಮ್ಮ ಬೀದಿ ಆಗ ನೆಪೀಯನ್‌ನಲ್ಲಿರುತ್ತದೋ ಕಾರ್ಲ್‌ಟನ್‌ಗೆ ಹೋಗುತ್ತದೋ ಹೇಳಲಾಗದು. ಆಯೋಗದ ಬಹಿರಂಗ ವಿಚಾರಣೆಯಲ್ಲಿ ಯಾರು ಬೇಕಾದರೂ ಹೋಗಿ ಮಾತಾಡಬಹುದು. ದೊಡ್ಡಪ್ಪನಿಗೆ ಇದನ್ನು ಹೇಳಿದೆ. "ಅಲ್ಲಿ ಗಡಿ ಕೇಳೋದೇನೋ ಸರಿ, ಟಿಕೇಟು ಕೇಳೋಕೆ ಯಾವ ವಿಚಾರಣೆಗೆ ಹೋಗ್ಬೇಕಂತೆ?" ಎಂದು ಕೇಳಿದರು.